ಕ್ಯಾಷ್ ಕೌಂಟರಿನೆದುರು ಕತ್ತಿ ಹಿಡಿದವ ನಿಂತರೆ ಕೀ ಕೊಡಬೇಕಾ? ಕೆಲಸದವರೂ ಮಾಲೀಕರೂ ಹೇಳಿ

ಸೊಸೈಟಿ ಕ್ಯಾಷಿಯರ್, ಕುಂಬಳೆ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಕಡೆಯ ಒಂದು ಸಹಕಾರಿ ಸೊಸೈಟಿಯ ಶಾಖೆಯಲ್ಲಿ ಕ್ಯಾಷ್ ನೋಡಿಕೊಳ್ಳುವವಳು. ಶಾಖೆಯಲ್ಲಿ ಇರುವುದು ಮೂವರು. ನಾನು, ಅಡವಿನ ಚಿನ್ನ ನೋಡುವ ಅಪ್ರೈಸರ್, ಹೊಸದಾಗಿ ಸೇರಿದ ಒಬ್ಬಳು ಹುಡುಗಿ. ಊಟದ ಹೊತ್ತಿಗೆ ಕೌಂಟರಿನಲ್ಲಿ ಒಬ್ಬರೇ. ಮೊನ್ನೆ ಆ ಹುಡುಗಿ ಕೇಳಿದಳು, "ಅಕ್ಕ, ಯಾರಾದರೂ ಒಳಗೆ ಬಂದು ಕತ್ತಿ ತೋರಿಸಿದರೆ ನಾನು ಕೀ ಕೊಡಬೇಕಾ, ಕೊಡಬಾರದಾ?"

ನಾನು "ಕೊಟ್ಟುಬಿಡು" ಅಂದೆ. ಆದರೆ ಅದು ನನ್ನ ಮಾತು, ಆಡಳಿತ ಮಂಡಳಿಯ ಮಾತಲ್ಲ. ಕೀ ರಿಜಿಸ್ಟರ್ ಹೇಗೆ ಬರೆಯಬೇಕು, ಸಂಜೆ ಕ್ಯಾಷ್ ಹೇಗೆ ಟ್ಯಾಲಿ ಮಾಡಬೇಕು, ಎಲ್ಲದಕ್ಕೂ ನಮ್ಮಲ್ಲಿ ನಿಯಮ ಉಂಟು. ಇದಕ್ಕೆ ಒಂದು ಸಾಲೂ ಇಲ್ಲ.

ನಮ್ಮ ಊರಿಗೆ ಇದು ದೂರದ ಮಾತಲ್ಲ. 2015ರ ಸೆಪ್ಟೆಂಬರಿನಲ್ಲಿ ಕೂಡ್ಲು ಸರ್ವಿಸ್ ಸಹಕಾರಿ ಬ್ಯಾಂಕಿನ ಎರಿಯಾಲ್ ಶಾಖೆಗೆ ಹಾಡಹಗಲೇ ನುಗ್ಗಿ, ಕೆಲಸದ ಹೆಂಗಸರಿಗೆ ಕತ್ತಿ ತೋರಿಸಿ 17 ಕಿಲೋಗೂ ಹೆಚ್ಚು ಚಿನ್ನ ಹೊತ್ತುಕೊಂಡು ಹೋದರು. 2025ರ ಜನವರಿ 17ರಂದು ತಲಪಾಡಿ ಗಡಿಯಿಂದ ಅಷ್ಟೇನೂ ದೂರವಿಲ್ಲದ ಕೆ.ಸಿ. ರೋಡಿನಲ್ಲಿ, ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಶಾಖೆಗೆ ಪಿಸ್ತೂಲು, ತಲವಾರು ಹಿಡಿದವರು ನುಗ್ಗಿದರು. ಅದೂ ಮಧ್ಯಾಹ್ನವೇ. ಎರಡೂ ಕಡೆ ಸಿಬ್ಬಂದಿ ಜೀವ ಉಳಿಸಿಕೊಂಡು ಮನೆಗೆ ಹೋದರು. ಎರಡೂ ಪ್ರಕರಣಗಳಲ್ಲಿ ಆರೋಪಿಗಳು ಆಮೇಲೆ ಸಿಕ್ಕಿಬಿದ್ದರು.

ನನಗೆ ಅನಿಸುವುದು ಇಷ್ಟು. ಕೀ ಕೊಡು ಎಂಬ ಮಾತು ಮೊದಲೇ, ಮೇಲಿನವರ ಬಾಯಿಂದ, ಬರಹದಲ್ಲಿ ಬಂದಿರಬೇಕು. ಬಾರದೆ ಹೋದರೆ ಕತ್ತಿ ಎದುರಿಗಿರುವಾಗ ಆ ಹುಡುಗಿಗೆ ಬರುವ ಮೊದಲ ಯೋಚನೆ ಜೀವದ್ದಲ್ಲ, "ಕೊಟ್ಟರೆ ನನ್ನ ಕೆಲಸ ಹೋಗುತ್ತದಾ" ಅಂತ. ಆ ಯೋಚನೆಗೆ ಅಲ್ಲಿ ಜಾಗವೇ ಇರಬಾರದು. ನಿಮ್ಮ ನಿಮ್ಮ ಕಡೆ ಹೇಗೆ? ಅಂಗಡಿ, ಪೆಟ್ರೋಲ್ ಪಂಪು, ಮೆಡಿಕಲ್, ಫೈನಾನ್ಸ್, ಎಲ್ಲಿ ಕೆಲಸ ಮಾಡುವವರಾದರೂ ಬರೆಯಿರಿ. ಮಂಡಳಿಗೆ ಒಂದು ಪತ್ರ ಕೊಡಬೇಕೆಂದಿದ್ದೇನೆ.

ಅಡಕೆ ವ್ಯಾಪಾರಿ, ಪೆರ್ಲ

ಅಕ್ಕ, ನಿಮ್ಮ ಕಾಳಜಿ ಸರಿ. ಆದರೆ ಒಂದು ಮಾತು ಹೇಳಲೇಬೇಕು. ಸೊಸೈಟಿಯ ಕಪಾಟಿನಲ್ಲಿರುವುದು ಸೊಸೈಟಿಯ ಚಿನ್ನ ಅಲ್ಲ. ಮಗಳ ಮದುವೆಗೆ, ಅಡಕೆಗೆ ರೋಗ ಬಂದ ವರ್ಷ ಗೊಬ್ಬರಕ್ಕೆ ಅಂತ ನಮ್ಮ ಹೆಂಗಸರು ಬಿಚ್ಚಿಕೊಟ್ಟ ಕರಿಮಣಿ, ಬಳೆ. ಬಂದವನಿಗೆ ಕೀ ತೆಗೆದುಕೊಟ್ಟರೆ ನಾಳೆ ಇನ್ನೊಬ್ಬ ಬರುತ್ತಾನೆ. ಕಾನೂನೇ ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ. ದರೋಡೆ ತಡೆಯುವಾಗ ಬಲ ಪ್ರಯೋಗಿಸಬಹುದು ಅಂತ ನ್ಯಾಯ ಸಂಹಿತೆಯಲ್ಲಿಯೂ ಉಂಟು. ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ಮೆಣಸಿನ ಹುಡಿ ಇಟ್ಟಿದ್ದೇನೆ. ಕೈಗೆ ಸಿಗುವ ಹಾಗೆ ಒಂದು ಕತ್ತಿಯೂ ಉಂಟು. ಸೀಸನ್‌ನಲ್ಲಿ ಬೆಳೆಗಾರರಿಗೆ ಕೊಡಲು ಕೈಯಲ್ಲಿ ದುಡ್ಡು ಇರಲೇಬೇಕು, ಬೇರೆ ದಾರಿ ಇಲ್ಲ.

ಸೊಸೈಟಿ ಕ್ಯಾಷಿಯರ್, ಕುಂಬಳೆ ಕಡೆ

ಅಣ್ಣ, ಆ ಕರಿಮಣಿಯ ಚಿಂತೆ ನನಗೂ ಉಂಟು, ಅದನ್ನು ತೂಗಿ ಲಕೋಟೆಗೆ ಹಾಕಿ ಸೀಲ್ ಮಾಡುವುದೇ ನಾವು. ಆದರೆ ಅದನ್ನು ಕಾಯಲು ಗೋಡೆ ಉಂಟು, ಸ್ಟ್ರಾಂಗ್ ರೂಮ್ ಉಂಟು, ಇನ್ಶೂರೆನ್ಸ್ ಉಂಟು. ಅವು ಸಾಲದಿದ್ದರೆ ಅದನ್ನು ಸರಿಮಾಡಬೇಕಾದ್ದು ಮಂಡಳಿ. ಇಪ್ಪತ್ತೆರಡು ವರ್ಷದ ಹುಡುಗಿಯ ಕುತ್ತಿಗೆ ಅದಕ್ಕೆ ಬೀಗ ಆಗಬಾರದು.

ನಿವೃತ್ತ ಪೊಲೀಸ್, ಬದಿಯಡ್ಕ

ಪೆರ್ಲದ ಅಣ್ಣ ಹೇಳಿದ ಹಕ್ಕು ನಿಜ. ಮೊದಲು ದಂಡ ಸಂಹಿತೆಯಲ್ಲಿ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಂಟು. ಆದರೆ ಅದು ಆಮೇಲೆ ಕೋರ್ಟಿನಲ್ಲಿ ಕೆಲಸಕ್ಕೆ ಬರುವ ಹಕ್ಕು. ಕೌಂಟರಿನ ಮುಂದೆ ಎರಡು ಅಡಿ ದೂರದಲ್ಲಿ ನಿಂತವನ ಕೈಯ ಆಯುಧವನ್ನು ಅದು ತಡೆಯುವುದಿಲ್ಲ. ಕೋಟೆಕಾರು ಘಟನೆಯ ಹಿಂದಿನ ದಿನವೇ, 2025ರ ಜನವರಿ 16ರಂದು, ಬೀದರಿನಲ್ಲಿ ಎಟಿಎಂಗೆ ತುಂಬಲು ಹಣ ತರುತ್ತಿದ್ದವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಹಾಡಹಗಲು, ಊರ ನಡುವೆ. ಒಬ್ಬ ನೌಕರ ಅಲ್ಲೇ ತೀರಿಹೋದ. ಹಣ ಹೋದದ್ದು ಲೆಕ್ಕದಲ್ಲಿ ಬರುತ್ತದೆ, ಆ ಮನೆಯ ನಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮೆಣಸಿನ ಹುಡಿಯ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ತೆಗೆದುಬಿಡಿ. ಅಂಗಡಿ ಒಳಗೆ ಫ್ಯಾನ್ ತಿರುಗುತ್ತಿರುತ್ತದೆ. ಎಸೆದದ್ದು ನಿಮ್ಮ ಕಣ್ಣಿಗೂ, ಪಕ್ಕದ ಗಿರಾಕಿಯ ಕಣ್ಣಿಗೂ ಬೀಳುತ್ತದೆ. ಬಂದವ ಹೆಲ್ಮೆಟ್ ಹಾಕಿದ್ದರೆ ಅವನಿಗೇ ಏನೂ ಆಗುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ. ಕತ್ತಿಯೂ ಹಾಗೇ. ನೀವು ಬಗ್ಗಿ ತೆಗೆಯುವಷ್ಟರಲ್ಲಿ ಅವನ ಕೈಯದ್ದು ಬೀಸಿರುತ್ತದೆ.

ಬಂದವನಿಗೂ ಹೆದರಿಕೆ ಇರುತ್ತದೆ, ಇದು ನೆನಪಿರಲಿ. ಕುಡಿದೋ ಬೇರೆ ಏನಾದರೂ ಸೇವಿಸಿಯೋ ಬಂದಿರಬಹುದು, ಕೈ ನಡುಗುತ್ತಿರಬಹುದು. ಹೆಚ್ಚಿನ ಕಡೆ ಪೆಟ್ಟು ಬೀಳುವುದು ಅವ ಬೆಚ್ಚಿಬಿದ್ದಾಗ. ಆದ್ದರಿಂದ ಅವನನ್ನು ಬೆಚ್ಚಿಸಬೇಡಿ. ಎರಡೂ ಕೈ ಅವನಿಗೆ ಕಾಣುವ ಹಾಗೆ ಕೌಂಟರಿನ ಮೇಲೆ ಇರಲಿ. ಏನು ಮಾಡುವುದಿದ್ದರೂ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಮಾಡಿ. "ಡ್ರಾಯರ್ ಎಡಗಡೆ ಇದೆ, ತೆಗೆಯುತ್ತೇನೆ." "ಕೀ ನನ್ನ ಬ್ಯಾಗಿನಲ್ಲಿದೆ, ಕೈ ಹಾಕುತ್ತೇನೆ." ಹಿಂದಿನ ಕೋಣೆಯಲ್ಲಿ ಯಾರಾದರೂ ಇದ್ದರೆ ಅದನ್ನೂ ಹೇಳಿ: "ಒಳಗೆ ಒಬ್ಬರು ಊಟ ಮಾಡ್ತಿದ್ದಾರೆ, ಹೊರಗೆ ಬರಬಹುದು." ಹೇಳದೆ ಇದ್ದು, ಅವರು ಹಠಾತ್ತಾಗಿ ಬಾಗಿಲು ತೆಗೆದರೆ ಅಲ್ಲಿಗೆ ಕೆಟ್ಟಿತು. ಅವನ ಭಾಷೆ ಗೊತ್ತಾಗದಿದ್ದರೆ ಕೈ ಮೇಲೆತ್ತಿ ನಿಧಾನಕ್ಕೆ ಹಿಂದೆ ಸರಿಯಿರಿ. ವಾದ ಬೇಡ, ಅಳುತ್ತಾ ಬೇಡಿಕೊಳ್ಳುವುದೂ ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ. ಕೇಳಿದ್ದನ್ನು ಕೊಡಿ, ಕೇಳದ್ದನ್ನು ನೀವಾಗಿ ತೋರಿಸಲು ಹೋಗಬೇಡಿ.

ಅಲಾರಂ ಬಗ್ಗೆ ಜನರಿಗೆ ತಪ್ಪು ತಿಳಿವಳಿಕೆ ಉಂಟು. ಕಾಲಿನಲ್ಲಿ ಒತ್ತುವ, ಸದ್ದು ಮಾಡದೆ ಹೊರಗೆ ಸುದ್ದಿ ಕಳಿಸುವ ಬಟನ್ ಒಳ್ಳೆಯದು. ಅದನ್ನೂ ಅವ ನೋಡುತ್ತಿಲ್ಲ ಎಂದು ಖಾತ್ರಿ ಇದ್ದರೆ ಮಾತ್ರ ಒತ್ತಿ. ಅವ ಒಳಗಿರುವಾಗ ಜೋರಾಗಿ ಸೈರನ್ ಹೊಡೆದರೆ ಹೊರಗೆ ಜನ ಸೇರುತ್ತಾರೆ, ಬಾಗಿಲು ಮುಚ್ಚಿದ ಹಾಗೆ ಆಗುತ್ತದೆ, ಒಳಗಿರುವವರು ಅವನ ಒತ್ತೆಯಾಳು ಆಗುತ್ತಾರೆ. ಅವನಿಗೆ ಹೊರಗೆ ಹೋಗಲು ದಾರಿ ಯಾವಾಗಲೂ ತೆರೆದಿರಬೇಕು. ಬೇಗ ಹೋಗಲಿ ಎಂಬುದೇ ನಮ್ಮ ಗುರಿ.

ಹೋದ ಮೇಲೆ ಬೆನ್ನು ಹತ್ತಬೇಡಿ. ನಮ್ಮ ಕಡೆ ಹುಡುಗರಿಗೆ ಬೈಕ್ ಹತ್ತಿ ಹಿಂದೆ ಓಡುವ ಹುಮ್ಮಸ್ಸು ಜಾಸ್ತಿ. ರಸ್ತೆಯಲ್ಲಿ ಅವರಿಗೆ ಯಾವ ಹಿಂಜರಿಕೆಯೂ ಇರುವುದಿಲ್ಲ. ಗಾಡಿಯ ಬಣ್ಣ, ಯಾವ ಕಡೆಗೆ ತಿರುಗಿತು, ನಂಬರಿನಲ್ಲಿ ಕಂಡಷ್ಟು ಅಂಕೆ. ಇಷ್ಟು ಸಾಕು.

ಮೆಡಿಕಲ್ ಶಾಪಿನವಳು, ಉಪ್ಪಳ

ನನಗೆ ಇದು ಆಗಿದೆ. ರಾತ್ರಿ ಶಟರ್ ಅರ್ಧ ಎಳೆದು ದಿನದ ಲೆಕ್ಕ ಮಾಡುತ್ತಿದ್ದೆ. ಹೆಲ್ಮೆಟ್ ಹಾಕಿದವ ಬಗ್ಗಿ ಒಳಗೆ ಬಂದ. ಕೈಯಲ್ಲಿ ಎಳನೀರು ಕೆತ್ತುವಂಥ ಕತ್ತಿ. ಅದರ ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿತ್ತು, ಒಂದು ತುದಿ ಬಿಚ್ಚಿ ನೇತಾಡುತ್ತಿತ್ತು. ಅವನ ಮುಖ, ಮಾತು ಯಾವುದೂ ನನಗೆ ನೆನಪಿಲ್ಲ, ಆ ರಬ್ಬರ್ ತುಂಡು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಎಣಿಸುತ್ತಿದ್ದ ನೋಟುಗಳನ್ನು ಅವನ ಕಡೆ ತಳ್ಳಿದೆ. ತೆಗೆದುಕೊಂಡು ಹೋದ.

ಆಮೇಲೆ ಪೊಲೀಸರು ಎತ್ತರ ಎಷ್ಟು, ಅಂಗಿ ಯಾವ ಬಣ್ಣ ಅಂತ ಕೇಳಿದರೆ ನನಗೆ ಹೇಳಲಾಗಲಿಲ್ಲ. ಅದಕ್ಕೆ ಕೆಲವರು "ಅಷ್ಟೂ ನೋಡಲಿಲ್ಲವಾ" ಎಂದರು. ಈ ಮಾತು ಯಾರಿಗೂ ಹೇಳಬೇಡಿ ದಯವಿಟ್ಟು. ಆಯುಧ ಎದುರಿಗಿದ್ದರೆ ಕಣ್ಣು ಅದರ ಮೇಲೆಯೇ ನಿಲ್ಲುತ್ತದೆ, ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು.

ಈಗ ನಮ್ಮ ಬಾಗಿಲಿನ ಚೌಕಟ್ಟಿನ ಒಳಬದಿಗೆ ಐದು ಅಡಿ, ಐದೂವರೆ, ಆರು ಅಡಿ ಎತ್ತರದಲ್ಲಿ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿದ್ದೇವೆ. ಹೊರಗೆ ಹೋಗುವವನ ತಲೆ ಯಾವ ಬಣ್ಣಕ್ಕೆ ಸರಿಯಾಗಿತ್ತು ಅಂತ ನೋಡಿದರೆ ಸಾಕು. ಅವನ ಬೆನ್ನು ನಮ್ಮ ಕಡೆ ಇರುವಾಗ ನೋಡುವುದು, ಹೆದರಿಕೆಯೂ ಕಡಿಮೆ. ಗಾಜಿಗೆ ಅಂಟಿಸಿದ್ದ ಟಾನಿಕ್ ಜಾಹೀರಾತುಗಳನ್ನೆಲ್ಲ ಕಿತ್ತು ತೆಗೆದೆವು. ಈಗ ರಸ್ತೆಯಿಂದ ನೋಡಿದರೆ ಕೌಂಟರ್ ಕಾಣುತ್ತದೆ. ದುಡ್ಡು ಎಣಿಸುವುದು ಮಾತ್ರ ಒಳಕೋಣೆಯಲ್ಲಿ, ಶಟರ್ ಪೂರ್ತಿ ಹಾಕಿದ ಮೇಲೆ.

ಗಡಿನಾಡ ಕನ್ನಡಿಗ, ಹೊಸೂರು

ನಮ್ಮೂರಿನ ವಿಷಯ ಹೇಳ್ತೀನಿ. 2021ರ ಜನವರಿ 22. ಬಾಗಲೂರು ರಸ್ತೆಯ ಚಿನ್ನದ ಸಾಲದ ಕಂಪನಿಯ ಶಾಖೆ. ಬೆಳಿಗ್ಗೆ ಬಾಗಿಲು ತೆಗೆದು ಸ್ವಲ್ಪ ಹೊತ್ತಿಗೇ ಗಿರಾಕಿಗಳ ಥರ ಬಂದ ಗುಂಪು ಬಂದೂಕು ತೋರಿಸಿ ಸುಮಾರು 25 ಕಿಲೋ ಚಿನ್ನ ಬಾಚಿಕೊಂಡು ಹೋಯ್ತು. ಯಾರೂ ಅವರ ಹಿಂದೆ ಓಡಲಿಲ್ಲ. ಚಿನ್ನದ ಜೊತೆ ಇದ್ದ ಜಿಪಿಎಸ್ ತಾನೇ ದಾರಿ ತೋರಿಸ್ತಾ ಹೋಯ್ತು, ಮಾರನೇ ದಿನವೇ ಹೈದರಾಬಾದ್ ಹತ್ತಿರ ಹಿಡಿದರು. ಪೆರ್ಲದ ಅಣ್ಣಂಗೆ ಇದನ್ನ ಹೇಳಬೇಕು ಅನ್ನಿಸ್ತು. ಅಡವಿನ ಚಿನ್ನವನ್ನ ವಾಪಸ್ ತಂದದ್ದು ಸಿಬ್ಬಂದಿಯ ಕೈಬಲ ಅಲ್ಲ, ಮೊದಲೇ ಮಾಡಿಟ್ಟ ಏರ್ಪಾಡು.

ಆ ಘಟನೆ ಆದ ಮೇಲೆ ಇಲ್ಲಿ ನಾನು ಕೆಲಸ ಮಾಡೋ ಕಡೆ ಬಾಗಿಲು ತೆಗೆಯೋ ಕ್ರಮ ಬದಲಾಯ್ತು. ಬೆಳಿಗ್ಗೆ ಇಬ್ಬರು ಬರಬೇಕು. ಒಬ್ಬರು ಒಳಗೆ ಹೋಗಿ ಶೌಚಾಲಯ, ಹಿಂದಿನ ಬಾಗಿಲು, ಮೇಲ್ಛಾವಣಿ ಎಲ್ಲಾ ನೋಡ್ತಾರೆ. ಇನ್ನೊಬ್ಬರು ರಸ್ತೆಯ ಆಚೆ ಟೀ ಅಂಗಡಿ ಹತ್ತಿರ ಫೋನ್ ಹಿಡಿದು ನಿಂತಿರ್ತಾರೆ. ಒಳಗಿನವರು ಕಿಟಕಿಯ ಪರದೆ ಸರಿಸಿದರೆ ಎಲ್ಲ ಸರಿ ಇದೆ ಅಂತ ಅರ್ಥ. ಪರದೆ ಸರಿಯದೆ ಇದ್ದರೆ ಹೊರಗಿನವರು ಒಳಗೆ ಹೋಗಬಾರದು, ಕೂಗಬಾರದು, ನೇರ ಪೊಲೀಸ್ ಫೋನ್. ಯಾವ ಗುರುತು ಅನ್ನೋದನ್ನ ಆಗಾಗ ಬದಲಾಯಿಸ್ತಾರೆ. ಕೆಲಸ ಬಿಟ್ಟು ಹೋದವರಿಗೂ ಹಳೇ ಗುರುತು ಗೊತ್ತಿರುತ್ತಲ್ಲ.

ಜತ್ತದಾಂವ

ನಮ್ಮ ಕಡೆದ್ದೂ ಕೇಳ್ರಿ. ವಿಜಯಪುರ ಜಿಲ್ಲಾದ ಚಡಚಣದ ಬ್ಯಾಂಕಿನ ಸುದ್ದಿ ಎಲ್ಲಾರೂ ಓದೀರಿ. 2025ರ ಸೆಪ್ಟೆಂಬರ್ 16, ಸಂಜೀಕ ಬಾಗಲಾ ಹಾಕೂ ಹೊತ್ತು. ಮಿಲಿಟರಿ ನಮೂನಿ ಡ್ರೆಸ್ ಹಾಕ್ಕೊಂಡು, ಮಾರಿ ಮುಚ್ಚಿಕೊಂಡು ಬಂದ್ರು. ಖಾತೆ ತೆಗಿಯೂ ನೆವ ಮಾಡಿ ಒಳಗ ಹೊಕ್ಕು, ಸಿಬ್ಬಂದಿ ಕೈಕಾಲು ಕಟ್ಟಿ ಹಾಕಿ ಒಂದು ಕೋಟಿ ರೊಕ್ಕ, ಸುಮಾರು 20 ಕಿಲೋ ಬಂಗಾರ ಒಯ್ದ್ರು. ಗಾಡಿ ಸಿಕ್ಕಿದ್ದು ಇಲ್ಲೇ ಮಹಾರಾಷ್ಟ್ರದೊಳಗ, ಮಂಗಳವೇಢಾ ತಾಲೂಕಿನ ಹುಲಜಂತಿಯೊಳಗ. ಗಡಿ ದಾಟಿದ್ರ ಬಚಾವ್ ಅಂತ ಅವರ ಲೆಕ್ಕ ಇರತೈತಿ. ಅದಕ್ಕ ಗಡಿಯಾಗಿನ ಊರಿಗೆ ಈ ಕಾಟ ಜಾಸ್ತಿ ಅಂತ ನನ್ನ ಅನಿಸಿಕಿ.

ಹೊತ್ತು ನೋಡ್ರಿ ಒಂದಿಷ್ಟು. ಹೊಸೂರಾಗ ಬಾಗಲಾ ತೆಗಿಯೂ ಹೊತ್ತು. ಚಡಚಣದಾಗ ಹಾಕೂ ಹೊತ್ತು. ಅಕ್ಕಾರು ಹೇಳಿದ ಎರಡೂ ಮಧ್ಯಾಹ್ನ. ಮಂದಿ ಕಡಿಮಿ ಇರೂ ಹೊತ್ತ ಅವರು ಕಾಯತಾರ.

ನಿವೃತ್ತ ಪೊಲೀಸ್, ಬದಿಯಡ್ಕ

ಜತ್ತದವರು ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದಾರೆ. ಇನ್ನೊಂದು ಸೇರಿಸಿ: 2025ರ ಫೆಬ್ರವರಿ 14, ತೃಶ್ಶೂರು ಜಿಲ್ಲೆಯ ಚಾಲಕುಡಿ ಹತ್ತಿರದ ಪೋಟ್ಟ. ಬ್ಯಾಂಕಿನವರ ಊಟದ ಹೊತ್ತು. ಹೆಲ್ಮೆಟ್ ಹಾಕಿದ ಒಬ್ಬನೇ ಒಬ್ಬ, ಕೈಯಲ್ಲಿ ಚೂರಿ. ಸಿಬ್ಬಂದಿಯನ್ನು ಶೌಚಾಲಯಕ್ಕೆ ತಳ್ಳಿ ಹೊರಗಿನಿಂದ ಬಂದ್ ಮಾಡಿ ಕೌಂಟರಿನಿಂದ 15 ಲಕ್ಷ ತೆಗೆದುಕೊಂಡು ಹೋದ. ಮೂರು ನಿಮಿಷವೂ ಆಗಲಿಲ್ಲ.

ಇದನ್ನು ಹೇಳಲು ಬೇರೊಂದು ಕಾರಣ ಉಂಟು. ಅವ ಒಳಗೆ ಮಾತಾಡಿದ್ದು ಹಿಂದಿಯಲ್ಲಿ. ಹೊರರಾಜ್ಯದವ ಎಂದೇ ಎಲ್ಲರೂ ನಂಬಿದರು. ಎರಡು ದಿನದಲ್ಲಿ ಸಿಕ್ಕಿದಾಗ ನೋಡಿದರೆ ಅದೇ ಊರಿನಲ್ಲಿ ವಾಸವಾಗಿದ್ದವ, ಅದೇ ಬ್ಯಾಂಕಿನಲ್ಲಿ ಖಾತೆ ಇದ್ದವ! ಆದ್ದರಿಂದ ಹೇಳಿಕೆ ಕೊಡುವಾಗ "ಹಿಂದಿಯವ", "ತಮಿಳ", "ಭಾಯಿ" ಅಂತ ನೀವೇ ತೀರ್ಮಾನ ಮಾಡಬೇಡಿ. ಅವ ಆಡಿದ ಮಾತು ಕಿವಿಗೆ ಬಿದ್ದ ಹಾಗೇ ಬರೆಯಿರಿ. ನಮ್ಮ ಊರಲ್ಲಿ ಕಟ್ಟಡ ಕೆಲಸಕ್ಕೆ ಬಂದ ಬಡಪಾಯಿಗಳನ್ನು ಇಂಥ ಹೊತ್ತಿನಲ್ಲಿ ಜನ ಹಿಡಿದು ಹೊಡೆಯುವುದು ಉಂಟು. ಅದು ಅನ್ಯಾಯ, ತನಿಖೆಯೂ ದಾರಿ ತಪ್ಪುತ್ತದೆ.

ಮತ್ತೆ, ಅವ ಹೋದ ಕೂಡಲೇ ಒಳಗಿನಿಂದ ಬಾಗಿಲು ಹಾಕಿ, ಮರಳಿ ಬಂದರೂ ಬರಬಹುದು. ಗಾಯ ಆದವರಿದ್ದರೆ ಮೊದಲು ಅವರನ್ನು ನೋಡಿ, 112ಕ್ಕೆ ಹೇಳಿ. ಅವ ಮುಟ್ಟಿದ ಗಾಜು, ಬಾಗಿಲಿನ ಹಿಡಿ, ಬಿಸಾಡಿದ ಚೀಲ ಯಾವುದನ್ನೂ ಒರೆಸಬೇಡಿ, ಎತ್ತಿಡಬೇಡಿ. ಅಲ್ಲಿದ್ದವರೆಲ್ಲ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಮೊದಲು ಬೇರೆ ಬೇರೆ ಕೂತು ನೆನಪಿಗೆ ಬಂದದ್ದನ್ನು ಒಂದು ಕಾಗದದಲ್ಲಿ ಬರೆದಿಡಿ. ಮಾತಾಡಿದರೆ ಒಬ್ಬರ ನೆನಪು ಇನ್ನೊಬ್ಬರ ನೆನಪಿನ ಮೇಲೆ ಕೂರುತ್ತದೆ. ಸಿಸಿಟಿವಿ ತುಣುಕನ್ನು ವಾಟ್ಸಾಪಿಗೆ ಬಿಡುವುದಂತೂ ಖಂಡಿತ ಬೇಡ.

ಪಂಪ್ ಕೆಲಸ, ಹೊಸಂಗಡಿ

ಇಲ್ಲಿ ಎಲ್ಲರೂ ಕೊಟ್ಟುಬಿಡಿ ಅಂತೀರಿ. ನಾನು ರಾತ್ರಿ ಪಾಳಿ. ಹೈವೇ ಪಕ್ಕ, ಇಬ್ಬರೇ ಇರ್ತೇವೆ. ಮೊದಲು ಕೆಲಸ ಮಾಡಿದ ಒಂದು ಕಡೆ ಲೆಕ್ಕದಲ್ಲಿ ಐನೂರು ಕಡಿಮೆ ಬಂದರೂ ಸಂಬಳದಲ್ಲಿ ಮುರಿಯುತ್ತಿದ್ದರು. ಬ್ಯಾಗೇ ಕಿತ್ತುಕೊಂಡು ಹೋದರೆ? ನನ್ನ ಸಂಬಳ ಎಷ್ಟು ತಿಂಗಳು ಮುರಿದರೆ ಅದು ತೀರುತ್ತದೆ? ಕೈಯಲ್ಲಿ ಕತ್ತಿ ಇರುವವನಿಗಿಂತ ಮಾಲೀಕರಿಗೇ ಹೆಚ್ಚು ಹೆದರುತ್ತೇವೆ. ಸತ್ಯ ಹೇಳ್ತಿದ್ದೇನೆ.

ವಕೀಲೆ, ಕಾಸರಗೋಡು

ಹೊಸಂಗಡಿಯ ತಮ್ಮ, ನಿಮ್ಮ ಪ್ರಶ್ನೆಯೇ ಈ ಇಡೀ ಚರ್ಚೆಯ ಮುಖ್ಯ ಪ್ರಶ್ನೆ. ಉತ್ತರ ಇದೆ.

ನಷ್ಟಕ್ಕಾಗಿ ಸಂಬಳ ಮುರಿಯಲು ಕಾನೂನಿನಲ್ಲಿ ಷರತ್ತು ಇದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ಕೆಲಸಗಾರನ ಕೈಯಲ್ಲಿದ್ದ ಹಣ ಹೋದದ್ದು ನೇರವಾಗಿ ಅವನದೇ ನಿರ್ಲಕ್ಷ್ಯದಿಂದ ಆಗಿರಬೇಕು. ಅದೂ ಅವನಿಗೆ ವಿವರಣೆ ಕೊಡಲು ಅವಕಾಶ ಕೊಟ್ಟ ಮೇಲೆ ಮಾತ್ರ. ಆಯುಧ ತೋರಿಸಿ ಕಿತ್ತುಕೊಂಡದ್ದು ನಿರ್ಲಕ್ಷ್ಯ ಅಲ್ಲ. ಹಾಗೆ ಮುರಿದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಬಿಳಿ ಹಾಳೆಗೆ ಸಹಿ ಹಾಕಿಸಿಕೊಳ್ಳಲು ಬಂದರೆ ಹಾಕಬೇಡಿ.

ಕೆಲಸದ ಹೊತ್ತಿನಲ್ಲಿ, ಕೆಲಸದ ಕಾರಣಕ್ಕೆ ಪೆಟ್ಟಾದರೆ ಅದು ಉದ್ಯೋಗದಿಂದಾದ ಗಾಯ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕು ಇದೆ. ಆಸ್ಪತ್ರೆಯಲ್ಲಿ "ಬಿದ್ದು ಪೆಟ್ಟಾಯಿತು" ಎಂದು ಬರೆಸಬೇಡಿ, ನಡೆದದ್ದನ್ನೇ ಬರೆಸಿ.

ಪೊಲೀಸ್ ದೂರು ಯಾವ ಭಾಷೆಯಲ್ಲಿ ಎಂಬ ಹಿಂಜರಿಕೆಯೂ ನಮ್ಮವರಲ್ಲಿ ಇದೆ. ಮಲಯಾಳ ಬರೆಯಲು ಬಾರದು ಎಂದು ಸುಮ್ಮನಿರುವವರನ್ನು ನೋಡಿದ್ದೇನೆ. ದೂರು ಕನ್ನಡದಲ್ಲೇ ಬರೆದು ಕೊಡಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳು ಭಾಷಾ ಅಲ್ಪಸಂಖ್ಯಾತ ಪ್ರದೇಶ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರು ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದ್ದಾರೆ. ಬಾಯಲ್ಲಿ ಹೇಳಿದ್ದನ್ನು ಪೊಲೀಸರು ಬರೆದುಕೊಂಡರೆ ಅದನ್ನು ನಿಮಗೆ ಓದಿ ಹೇಳಲೇಬೇಕು. ಅರ್ಥವಾಗುವ ಹಾಗೆ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ಗಡಿಯ ಆಚೆ ಈಚೆ ಎಂದು ಸ್ಟೇಷನ್ ವ್ಯಾಪ್ತಿಯ ನೆಪ ಹೇಳಿದರೆ, ಎಲ್ಲಿ ನಡೆದಿದ್ದರೂ ಯಾವ ಸ್ಟೇಷನ್ನಿನಲ್ಲೂ ಮಾಹಿತಿ ದಾಖಲಿಸಲು ಪೊಲೀಸ್, ಕೋರ್ಟಿನ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ದಾರಿ ಇದೆ.

ಇನ್ಶೂರೆನ್ಸ್ ಕೆಲಸ, ಕಾಞಂಗಾಡ್

ಮೊದಲ ಪ್ರಶ್ನೆ ಕೀ ಕೊಡಬೇಕಾ ಎಂದಲ್ಲವೇ? ಪಾಲಿಸಿ ಕಾಗದವೇ ಅದಕ್ಕೆ ಉತ್ತರ ಹೇಳುತ್ತದೆ. ಹಣದ ವಿಮೆಯಲ್ಲಿ ಸಾಮಾನ್ಯವಾಗಿ ಇರುವ ಷರತ್ತು: ತಿಜೋರಿಯನ್ನು ಅದರದೇ ಕೀಯಿಂದ ತೆರೆದು ಕದ್ದರೆ ಪರಿಹಾರ ಇಲ್ಲ, ಆದರೆ ಆ ಕೀಯನ್ನು ಬೆದರಿಸಿಯೋ ಹೊಡೆದೋ ಪಡೆದಿದ್ದರೆ ಆ ನಿರ್ಬಂಧ ಇಲ್ಲ. ಅಂದರೆ ಚೂರಿ ತೋರಿಸಿದಾಗ ಕೀ ಕೊಟ್ಟಳು ಎಂಬ ಕಾರಣಕ್ಕೆ ಕ್ಲೈಮ್ ಬಿದ್ದುಹೋಗುವುದಿಲ್ಲ. ಬಿದ್ದುಹೋಗುವುದು ಬೇರೆ ಕಡೆ: ಕೌಂಟರಿನಲ್ಲಿ ಪಾಲಿಸಿಯ ಮಿತಿಗಿಂತ ಹೆಚ್ಚು ದುಡ್ಡು ಇಟ್ಟದ್ದು, ರಾತ್ರಿ ಕೀಯನ್ನು ಅಲ್ಲೇ ಡ್ರಾಯರಿನಲ್ಲಿ ಬಿಟ್ಟು ಹೋದದ್ದು, ಲೆಕ್ಕದ ಪುಸ್ತಕ ಸರಿ ಇಲ್ಲದ್ದು. ಅಕ್ಕ, ನಿಮ್ಮ ಮಂಡಳಿಯ ಕಾರ್ಯದರ್ಶಿಯವರ ಹತ್ತಿರ ಪಾಲಿಸಿ ತೆಗೆಸಿ ಈ ಸಾಲನ್ನು ಕೂತು ಓದಿಸಿ. ಪತ್ರಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಅಡಕೆ ವ್ಯಾಪಾರಿ, ಪೆರ್ಲ

ಎಲ್ಲರ ಮಾತು ಓದಿದೆ. ಬಂದವನಿಗೆ ತಲೆಬಾಗುವುದು ನನಗೆ ಇವತ್ತಿಗೂ ಸೇರದ ವಿಷಯ, ಅದರಲ್ಲಿ ಬದಲಿಲ್ಲ. ಆದರೆ ನನ್ನ ಅಂಗಡಿಯಲ್ಲಿ ಅಡಕೆ ಆರಿಸಲು ನಾಲ್ಕು ಹೆಂಗಸರು ಬರುತ್ತಾರೆ. ನಾನು ಕತ್ತಿ ಎತ್ತಿದರೆ ಪೆಟ್ಟು ಅವರಿಗೂ ಬೀಳಬಹುದು. ನನ್ನ ಧೈರ್ಯಕ್ಕೆ ಅವರನ್ನು ಒತ್ತೆ ಇಡುವ ಹಕ್ಕು ನನಗಿಲ್ಲ. ಗಲ್ಲಾದಲ್ಲಿ ದುಡ್ಡು ಕಡಿಮೆ ಇಡುವುದು ಹೇಗೆ, ಅದನ್ನು ಹೇಳಿ. ಹತ್ತಿರದ ಬ್ಯಾಂಕಿಗೆ ದಿನಕ್ಕೆ ನಾಲ್ಕು ಸಲ ಓಡಲು ಆಗುವುದಿಲ್ಲ.

ಗಡಿನಾಡ ಕನ್ನಡಿಗ, ಹೊಸೂರು

ಅಣ್ಣ, ಮೇಲೆ ಸೀಳು ಇರೋ ಕಬ್ಬಿಣದ ತಿಜೋರಿ ಸಿಗುತ್ತೆ. ದೇವಸ್ಥಾನದ ಹುಂಡಿ ಥರ, ಹಾಕಬಹುದು, ತೆಗೆಯೋಕೆ ಆಗಲ್ಲ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಬೇಕು. ಗಲ್ಲಾದಲ್ಲಿ ಇಂತಿಷ್ಟು ದಾಟಿದ ಕೂಡಲೇ ಉಳಿದದ್ದನ್ನ ಅದರೊಳಗೆ ಹಾಕಿಬಿಡಿ. ಕೀ ಅಂಗಡಿಯಲ್ಲಿ ಇರಬಾರದು. ತಡವಾಗಿ ತೆರೆಯೋ ಬೀಗವೂ ಬರುತ್ತೆ, ಕೀ ತಿರುಗಿಸಿದ ಮೇಲೆ ಕೆಲವು ನಿಮಿಷ ಕಾಯಲೇಬೇಕು. ಆದರೆ ಒಂದು ವಿಷಯ: "ಈ ತಿಜೋರಿಯ ಕೀ ಇಲ್ಲಿ ಕೆಲಸ ಮಾಡುವವರ ಬಳಿ ಇಲ್ಲ" ಅಂತ ದೊಡ್ಡ ಅಕ್ಷರದಲ್ಲಿ ಬಾಗಿಲಿಗೇ ಹಾಕಬೇಕು, ಕನ್ನಡ, ಮಲಯಾಳ, ಹಿಂದಿ ಮೂರರಲ್ಲೂ. ಬೋರ್ಡು ಇಲ್ಲದೆ ಬೀಗ ಮಾತ್ರ ಇದ್ದರೆ, ಕೀ ಬಚ್ಚಿಟ್ಟಿದ್ದೀರಿ ಅಂತ ತಿಳಿದು ಹುಡುಗರನ್ನ ಹೊಡೀತಾರೆ.

ಬ್ಯಾಂಕಿಗೆ ದುಡ್ಡು ಒಯ್ಯೋ ಹೊತ್ತು, ದಾರಿ, ಆಳು ದಿನಾ ಒಂದೇ ಇರಬಾರದು. ಬ್ಯಾಂಕಿನ ಹೆಸರಿರೋ ಚೀಲವೂ ಬೇಡ.

ಮೆಡಿಕಲ್ ಶಾಪಿನವಳು, ಉಪ್ಪಳ

ಉಪ್ಪಳದಲ್ಲೇ 2024ರ ಮಾರ್ಚಿನಲ್ಲಿ ಎಟಿಎಂಗೆ ಹಣ ತುಂಬುವ ಗಾಡಿಯ ಗಾಜು ಒಡೆದು 50 ಲಕ್ಷ ಒಯ್ದದ್ದು ನೆನಪಿರಬೇಕು. ಪೇಟೆ ನಡುವೆ, ಹಗಲು. ಹಣ ಇಟ್ಟು ಗಾಡಿ ಬಿಟ್ಟು ಹೋಗಬಾರದು ಎಂಬುದಕ್ಕೆ ಅದೊಂದೇ ಸಾಕು.

ಇನ್ನೊಂದು ಹೇಳಲಿಕ್ಕುಂಟು. ಘಟನೆ ಆದ ಮೇಲಿನ ದಿನಗಳ ಬಗ್ಗೆ ಯಾರೂ ಬರೆಯಲಿಲ್ಲ. ನನಗೆ ಹೆಲ್ಮೆಟ್ ಹಾಕಿದವರು ಮದ್ದು ಕೇಳಲು ಬಂದರೂ ಕೈ ತಣ್ಣಗಾಗುತ್ತಿತ್ತು. ರಾತ್ರಿ ಶಟರ್ ಎಳೆಯುವ ಸದ್ದು ಕೇಳಿದರೆ ಬೆವರು. ಮನೆಯಲ್ಲಿ "ಏನೂ ಆಗಲಿಲ್ಲವಲ್ಲ, ದುಡ್ಡು ತಾನೇ ಹೋದದ್ದು" ಎನ್ನುತ್ತಿದ್ದರು, ಸಮಾಧಾನಕ್ಕೇ ಹೇಳಿದ್ದು, ಆದರೆ ಅದರಿಂದ ನಾನು ಬಾಯಿ ಮುಚ್ಚಿಕೊಂಡೆ. ಕೊನೆಗೆ 14416ಕ್ಕೆ ಫೋನ್ ಮಾಡಿದೆ, ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಕೇರಳದ ದಿಶಾ ಸಹಾಯವಾಣಿ 1056 ಕೂಡ ಉಂಟು. ಮಾಲೀಕರಾದವರು ಮಾರನೇ ದಿನವೇ ಅದೇ ಹುಡುಗಿಯನ್ನು ಅದೇ ಕೌಂಟರಿನಲ್ಲಿ ಒಬ್ಬಳೇ ಕೂರಿಸಬೇಡಿ. ಸ್ವಲ್ಪ ದಿನ ಯಾರನ್ನಾದರೂ ಜೊತೆಗೆ ಹಾಕಿ. "ನೀನು ಸರಿಯಾದದ್ದೇ ಮಾಡಿದೆ" ಅಂತ ಒಮ್ಮೆ ಬಾಯಿಬಿಟ್ಟು ಹೇಳಿ. ನನಗೆ ಆ ಮಾತು ಹೇಳಿದ್ದು ಸ್ಟೇಷನ್ನಿನ ಒಬ್ಬ ಮಹಿಳಾ ಪೊಲೀಸ್, ಎಷ್ಟೋ ತಡವಾಗಿ.

ಸೊಸೈಟಿ ಕ್ಯಾಷಿಯರ್, ಕುಂಬಳೆ ಕಡೆ

ಎಲ್ಲರಿಗೂ ತುಂಬಾ ಉಪಕಾರ. ಪತ್ರ ಬರೆದಾಯಿತು. ಮಂಡಳಿಯ ಮುಂದೆ ಕೇಳಿರುವುದು ಹೆಚ್ಚೇನಲ್ಲ. ಆಯುಧ ತೋರಿಸಿದರೆ ಕೀ, ಹಣ, ಚಿನ್ನ ಕೊಟ್ಟದ್ದಕ್ಕೆ ಯಾವ ಸಿಬ್ಬಂದಿಯ ಮೇಲೂ ಕ್ರಮ ಇಲ್ಲ ಎಂಬ ನಿರ್ಣಯ. ಊಟದ ಹೊತ್ತಿಗೆ ಕೌಂಟರಿನಲ್ಲಿ ಇಬ್ಬರು, ಆಗದಿದ್ದರೆ ಆ ಅರ್ಧ ಗಂಟೆ ಗ್ರಿಲ್ ಹಾಕಿ ಬೀಗ. ಹೆಲ್ಮೆಟ್ ತೆಗೆದು ಒಳಗೆ ಬನ್ನಿ ಎಂಬ ಬೋರ್ಡು, ಮತ್ತು ಅದನ್ನು ಹೇಳಲು ಹಗಲಿಗೊಬ್ಬ ವಾಚ್‌ಮನ್. ಪಾಲಿಸಿಯ ಆ ಷರತ್ತನ್ನು ಕಾರ್ಯದರ್ಶಿಯವರಿಗೆ ಓದಿಸಿದೆ. ಅವರೇ ಒಂದು ಪ್ರತಿ ತೆಗೆದು ಪತ್ರಕ್ಕೆ ಲಗತ್ತಿಸಿದರು. ಹುಡುಗಿಗೆ ಡ್ರಾಯರ್ ತೆಗೆಯುವ ಮೊದಲು ಬಾಯಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಸಿದ್ದೇನೆ. ಅಪ್ರೈಸರ್ ಅಣ್ಣನೇ ಬಾಗಿಲಲ್ಲಿ ನಿಂತು ಕೇಳುವುದು, ಅವಳು ಉತ್ತರ ಕೊಡುವುದು. ಮೊದಲ ಸಲ ಅವಳ ಸ್ವರವೇ ಹೊರಡಲಿಲ್ಲ, ಈಗ ಪರವಾಗಿಲ್ಲ.

ಪಂಪ್ ಕೆಲಸ, ಹೊಸಂಗಡಿ

ವಕೀಲೆ ಅಕ್ಕನಿಗೆ ಥ್ಯಾಂಕ್ಸ್. ಒಂದು ಕೇಳಲಿಕ್ಕುಂಟು. ನಮ್ಮ ಕಡೆ ಫೋನಿಗೆ ಕೆಲವೊಮ್ಮೆ ಮಂಗಳೂರು ಕಡೆಯ ಟವರ್ ಹಿಡಿಯುತ್ತದೆ. 112 ಒತ್ತಿದರೆ ಯಾರಿಗೆ ಹೋಗುತ್ತದೆ?

ನಿವೃತ್ತ ಪೊಲೀಸ್, ಬದಿಯಡ್ಕ

ಒಳ್ಳೆಯ ಪ್ರಶ್ನೆ ತಮ್ಮ. ಟವರ್ ಆಚೆಯದ್ದಾದರೆ ಕರೆ ಕರ್ನಾಟಕದ ಕಂಟ್ರೋಲ್ ರೂಮಿಗೆ ಹೋಗಬಹುದು. ಹೆದರಿ ಕಟ್ ಮಾಡಬೇಡಿ. ಏನಾಯಿತು ಎಂದು ಶುರುಮಾಡುವ ಮೊದಲು "ಕೇರಳ, ಕಾಸರಗೋಡು ಜಿಲ್ಲೆ, ಮಂಜೇಶ್ವರ ಸ್ಟೇಷನ್ ವ್ಯಾಪ್ತಿ, ಹೊಸಂಗಡಿ ಪಂಪು" ಎಂದು ಹೇಳಿ. ಆಮೇಲೆ ಎಷ್ಟು ಜನ, ಯಾವ ಆಯುಧ, ಯಾವ ಗಾಡಿ, ಯಾವ ಕಡೆಗೆ ಹೋದರು. ಮಂಗಳೂರು ಕಡೆಗೆ ಓಡಿದ್ದರೆ ಅವರಿಗೆ ಗೊತ್ತಾದದ್ದೂ ಒಳ್ಳೆಯದೇ, ತಲಪಾಡಿಯ ಆಚೆ ತಡೆಯಲು ಅವರಿಗೇ ಸಾಧ್ಯ. ಜೊತೆಗೆ ನಿಮ್ಮ ಸ್ಟೇಷನ್ನಿನ ನೇರ ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಟ್ಟುಕೊಳ್ಳಿ. ಮತ್ತೆ ಪಾಳಿ ಮುಗಿಸಿ ಹೋಗುವ ಮೊದಲು ಅದೇ ನಂಬರನ್ನು ಪೆಟ್ರೋಲ್ ಹಾಕುವ ಮೆಷಿನಿನ ಹಿಂಬದಿಗೆ ಬರೆದು ಅಂಟಿಸಿ. ಫೋನ್ ಕಿತ್ತುಕೊಂಡು ಹೋದರೆ ಗಿರಾಕಿಯ ಫೋನಿನಿಂದ ಮಾಡಲಿಕ್ಕಾಗುತ್ತದೆ.